ಗಲ್ಲಾದ ಪಕ್ಕದಲ್ಲೊಂದು ಆಸ್ಪತ್ರೆ ಪಿಗ್ಮಿ

ಮೆಡಿಕ್ಲೇಮ್ ಕಂತು ವರ್ಷ ವರ್ಷ ಏರುತ್ತಿದೆ, ಪಾಲಿಸಿಯನ್ನೇ ನಿಲ್ಲಿಸಿಬಿಡೋಣ ಎಂಬ ಮಾತು ಹೋಟೆಲ್ ಬಂಧುಗಳ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಐವತ್ತು ದಾಟಿ, ಸಕ್ಕರೆ ಕಾಯಿಲೆ, ಬಿ.ಪಿ. ಅಂಟಿಕೊಂಡ ಮೇಲೆ ಇದು ಬೇಡವೆಂದು ನನ್ನ ಅಭಿಪ್ರಾಯ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವ ನಮ್ಮ ಹುಡುಗರಿಗೆ ಇ.ಎಸ್.ಐ. ಇದೆ. ಗಲ್ಲಾದಲ್ಲಿ ಕೂತ ಧಣಿಗೆ ಯಾರಿದ್ದಾರೆ?

ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಎಚ್.ಎಸ್.ಎ. ಎನ್ನುವುದನ್ನು ಕೆಲವರು ಕೇಳಿರಬಹುದು. 2004ರಿಂದ ಅಲ್ಲಿರುವ ಏರ್ಪಾಡು. ಆಸ್ಪತ್ರೆ ಬಿಲ್ಲಿನ ಮೊದಲ ಭಾಗವನ್ನು ತಾನೇ ಕೊಡುವೆನೆಂದು ಒಪ್ಪಿ ಕಡಿಮೆ ಕಂತಿನ ವಿಮೆ ಪಡೆಯುವುದು, ಆ ಭಾಗಕ್ಕೆ ಬೇರೆ ಖಾತೆಯಲ್ಲಿ ಹಣ ಕೂಡಿಡುವುದು. ಚಿಕಿತ್ಸೆಗೆ ಬಳಸಿದರೆ ಆ ಹಣಕ್ಕೆ ಆದಾಯ ತೆರಿಗೆ ಇಲ್ಲ. ಎಲ್ಲ ವಿಮೆಗೂ ಈ ಖಾತೆ ಹೊಂದುವುದಿಲ್ಲ. ಅಲ್ಲಿನ ಸರ್ಕಾರಿ ವಿಮಾ ಮಾರುಕಟ್ಟೆಯ ಬ್ರಾಂಜ್ ದರ್ಜೆಯ ಪಾಲಿಸಿಗಳಿಗೆ 2026ರ ಜನವರಿಯಿಂದ ಹೊಂದುವಂತೆ ಮಾಡಿದ್ದಾರೆ.

ನಮ್ಮ ದೇಶದಲ್ಲಿ ಅಂಥ ಖಾತೆ ಇಲ್ಲ. ಆದರೆ ಲೆಕ್ಕ ನಮಗೂ ಒಗ್ಗುತ್ತದೆ. ಇಲ್ಲಿ ಸಿಗುವುದು ಸೂಪರ್ ಟಾಪ್-ಅಪ್ ಪಾಲಿಸಿ. ಮೊದಲ 5 ಲಕ್ಷ ನಮ್ಮದು, ಮೇಲಿನದು ಕಂಪನಿಯದು ಎಂದಾದರೆ ಕಂತು ಬಹಳ ಇಳಿಯುತ್ತದೆ. ಬರೀ 'ಟಾಪ್-ಅಪ್' ಎಂಬುದು ಬೇರೆ, ಇಲ್ಲೇ ಜನ ಸಿಕ್ಕಿಬೀಳುವುದು. ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ, ಪ್ರತಿ ಸಲ 4 ಲಕ್ಷ ಬಿಲ್ ಆಯಿತೆನ್ನಿ. ಟಾಪ್-ಅಪ್ ಪ್ರತಿ ಬಿಲ್ಲನ್ನು ಬೇರೆಬೇರೆಯಾಗಿ ನೋಡುತ್ತದೆ, ಒಂದು ಪೈಸೆಯೂ ಬರುವುದಿಲ್ಲ. ಸೂಪರ್ ಟಾಪ್-ಅಪ್ ಇಡೀ ವರ್ಷದ್ದನ್ನು ಕೂಡಿಸುತ್ತದೆ, 3 ಲಕ್ಷ ಬರುತ್ತದೆ. ಏಜೆಂಟರಿಂದ ಇದನ್ನು ಬರವಣಿಗೆಯಲ್ಲೇ ಪಡೆಯಿರಿ.

ಆ ಮೊದಲ 5 ಲಕ್ಷ ಎಲ್ಲಿಂದ? ಪಿಗ್ಮಿ ನಮಗೆ ಹೊಸತಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಕಟ್ಟಿಸಿಕೊಳ್ಳಲು ಶುರುಮಾಡಿದರು. (2020ರಲ್ಲಿ ಆ ಬ್ಯಾಂಕು ಕೆನರಾದೊಳಗೆ ಸೇರಿಹೋಯಿತು, ಆ ಮಾತು ಬೇರೆ.) ದಿನಕ್ಕೆ 300 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 1,09,500. ಬಡ್ಡಿ ಬಿಟ್ಟರೂ ಐದು ವರ್ಷದೊಳಗೆ 5 ಲಕ್ಷ ದಾಟುತ್ತದೆ.

ಅಷ್ಟು ತುಂಬುವವರೆಗೆ ಹಳೇ ಪಾಲಿಸಿ ಬಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಿಸಬಹುದು. ಸಕ್ಕರೆ ಇದೆಯೆಂದು ಫಾರ್ಮಿನಲ್ಲಿ ಸ್ಪಷ್ಟವಾಗಿ ಬರೆಯಿರಿ; ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು. ನಮ್ಮ ಹೆಸರಿನ ಅಥವಾ ಮನೆಮಂದಿಯ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಇಲ್ಲ. ಮೊದಲು ಶೇಕಡಾ 18 ಇತ್ತು.

ಕಷ್ಟವಿರುವುದು ಲೆಕ್ಕದಲ್ಲಲ್ಲ, ನಮ್ಮ ಸ್ವಭಾವದಲ್ಲಿ. ಹೊಸ ಜಾಗಕ್ಕೆ ಡೆಪಾಸಿಟ್, ಹಬ್ಬಕ್ಕೆ ಬೋನಸ್ ಎಂದ ಕೂಡಲೇ ಕೈ ಆ ಹಣಕ್ಕೇ ಹೋಗುತ್ತದೆ. ಹೋಟೆಲ್ ಖಾತೆಯಲ್ಲಿ ಇಡಲೇಬೇಡಿ. ಮನೆಯವರ ಹೆಸರೂ ಸೇರಿಸಿ ಜಂಟಿ ಖಾತೆ ಮಾಡಿ. ಧಣಿ ಐ.ಸಿ.ಯು.ನಲ್ಲಿ ಮಲಗಿದ ದಿನ ಚೆಕ್ಕಿಗೆ ಸಹಿ ಹಾಕುವವರು ಬೇಕಲ್ಲ.