ವಿದೇಶದ ದುಡಿಮೆ, ಊರಿನ ಹೂಡಿಕೆ: ಕಡಿಮೆ ವೆಚ್ಚದ ಸೂಚ್ಯಂಕ ನಿಧಿಗಳತ್ತ ಗಮನ ಅಗತ್ಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಮಗನೋ ಮಗಳೋ ಕೊಲ್ಲಿ ರಾಷ್ಟ್ರಗಳಲ್ಲಿ ಅಥವಾ ಅಮೆರಿಕದಲ್ಲಿ ದುಡಿಯುತ್ತಿರುವುದು ಈಗ ಅಪರೂಪದ ಸಂಗತಿಯಲ್ಲ. ಮಕ್ಕಳನ್ನು ಓದಿಸಿ ಹೊರದೇಶಕ್ಕೆ ಕಳುಹಿಸುವಲ್ಲಿ ಈ ಕುಟುಂಬಗಳು ತೋರಿದ ದೂರದೃಷ್ಟಿಯು, ಆ ಮಕ್ಕಳು ಕಳುಹಿಸುವ ಹಣವನ್ನು ತೊಡಗಿಸುವಲ್ಲಿ ಮಾತ್ರ ಕಾಣುತ್ತಿಲ್ಲ. ಬಂದ ಹಣವು ಹೊಲ, ನಿವೇಶನ, ಚಿನ್ನ, ಕೈಸಾಲ ಅಥವಾ ಮನೆಯ ವ್ಯಾಪಾರದ ದುಡಿಯುವ ಬಂಡವಾಳವಾಗಿ ಕರಗಿಹೋಗುವುದೇ ರೂಢಿಯಾಗಿದೆ.

ಈ ರೂಢಿಯಲ್ಲಿ ಅಡಗಿರುವ ಅಪಾಯವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕುರಕುಂಟಾ ಗ್ರಾಮವನ್ನು ನೋಡಿದರೆ ಸಾಕು. 1965ರಲ್ಲಿ ಸ್ಥಾಪಿತವಾದ ಭಾರತೀಯ ಸಿಮೆಂಟ್ ನಿಗಮವು ಇಲ್ಲಿ ನಡೆಸುತ್ತಿದ್ದ ಕಾರ್ಖಾನೆಯು 1990ರ ದಶಕದ ಕೊನೆಯ ಭಾಗದಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. 2006ರಲ್ಲಿ ಮಂಜೂರಾದ ನಿಗಮದ ಪುನಶ್ಚೇತನ ಯೋಜನೆಯು ತಾಂಡೂರು, ಬೊಕಾಜಾನ್ ಮತ್ತು ರಾಜಬನ್ ಘಟಕಗಳನ್ನು ಉಳಿಸಿಕೊಂಡು, ಕುರಕುಂಟಾ ಸೇರಿದಂತೆ ಉಳಿದ ಏಳು ಘಟಕಗಳ ಬಾಗಿಲು ಮುಚ್ಚಲು ನಿರ್ಧರಿಸಿತು. ಕಾರ್ಖಾನೆಯ ಸಂಬಳ ನಿಂತರೆ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವೂ ಲಾರಿಯ ಕಂತೂ ನಿವೇಶನದ ಬೆಲೆಯೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. ಟೈಲ್ಸ್ ಬಂದ ಮೇಲೆ ಶಹಾಬಾದ್ ಕಲ್ಲಿನ ವ್ಯಾಪಾರವೂ ಇಂತಹದೇ ಹೊಡೆತವನ್ನು ಕಂಡಿದೆ. ಮಳೆ ಕೈಕೊಟ್ಟ ವರ್ಷ ತೊಗರಿಯ ಅಡತಿಯೂ ದಾಲ್ ಮಿಲ್ಲೂ ಒಮ್ಮೆಗೇ ಸೊರಗುತ್ತವೆ.

ತಂದೆಯ ಅಂಗಡಿಯು ಇಂತಹ ಒಂದೇ ಆಸರೆಯ ಮೇಲೆ ನಿಂತಿರುವಾಗ, ಮಗನ ಗಳಿಕೆಯನ್ನೂ ಅದೇ ನೆಲದಲ್ಲಿ ಹೂಡುವುದು ಹೂಡಿಕೆಯಲ್ಲ, ಅಪಾಯವನ್ನು ಇಮ್ಮಡಿಗೊಳಿಸುವುದು. ಹೊರದೇಶದ ಗಳಿಕೆಯ ಒಂದು ಪಾಲಾದರೂ ಊರಿನ ಏರಿಳಿತಕ್ಕೆ ಸಿಲುಕದ ಕಡೆ ಇರಬೇಕು. ಸಾಮಾನ್ಯ ಹೂಡಿಕೆದಾರನಿಗೆ ಇದಕ್ಕೆ ಅತ್ಯಂತ ಸರಳವಾದ ಸಾಧನವೆಂದರೆ ಕಡಿಮೆ ವೆಚ್ಚದ ಸೂಚ್ಯಂಕ ನಿಧಿ.

ಸೂಚ್ಯಂಕ ನಿಧಿಯ ಸ್ವರೂಪ

ಯಾವ ಕಂಪನಿಯ ಷೇರು ಮೇಲೇರುತ್ತದೆಂದು ಊಹಿಸುವ ಗೋಜಿಗೆ ಹೋಗದೆ, ಒಂದು ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳ ಷೇರುಗಳನ್ನೂ ಅವುಗಳ ತೂಕಕ್ಕನುಗುಣವಾಗಿ ಕೊಂಡಿಡುವ ಮ್ಯೂಚುವಲ್ ಫಂಡ್ ಇದು. ಅಮೆರಿಕದಲ್ಲಿ ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಂಸ್ಥೆಯು 1976ರಲ್ಲಿ ಜನಸಾಮಾನ್ಯರಿಗಾಗಿ ಇಂತಹ ನಿಧಿಯನ್ನು ತೆರೆದಾಗ, 15 ಕೋಟಿ ಡಾಲರ್ ನಿರೀಕ್ಷಿಸಿದ್ದ ಕಡೆ ಸುಮಾರು 1.1 ಕೋಟಿ ಡಾಲರ್ ಮಾತ್ರ ಸಂಗ್ರಹವಾಗಿತ್ತು. ಅಂದು ನಗೆಪಾಟಲಾಗಿದ್ದ ಆ ಕ್ರಮವು ಇಂದು ಜಗತ್ತಿನಾದ್ಯಂತ ನೆಲೆಯೂರಿದೆ. ಭಾರತದಲ್ಲಿ ನಿಫ್ಟಿ ಸೂಚ್ಯಂಕವು 1996ರಲ್ಲಿ ಆರಂಭವಾಯಿತು. ಅದನ್ನು ಅನುಸರಿಸುವ ಯುಟಿಐ ನಿಫ್ಟಿ ನಿಧಿಯು 2000ದಲ್ಲಿ ಬಂದಿತು.

ಸೂಚ್ಯಂಕವು ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತದೆ ಎಂಬುದು ಗಮನಾರ್ಹ. ವಾಡಿಯ ಜನರಿಗೆ ಚಿರಪರಿಚಿತವಾದ ಎಸಿಸಿ ಕಂಪನಿಯು ಹಲವು ವರ್ಷ ನಿಫ್ಟಿ ಪಟ್ಟಿಯಲ್ಲಿದ್ದು, 2017ರಲ್ಲಿ ಹೊರಬಿದ್ದಿತು. ಮಳಖೇಡದ ರಾಜಶ್ರೀ ಕಾರ್ಖಾನೆಯನ್ನು ನಡೆಸುವ, ಸೇಡಂನ ವಾಸವದತ್ತಾ ಕಾರ್ಖಾನೆಯನ್ನು 2025ರಲ್ಲಿ ತನ್ನದಾಗಿಸಿಕೊಂಡ ಅಲ್ಟ್ರಾಟೆಕ್ ಕಂಪನಿಯು ಅದೇ ಪಟ್ಟಿಯಲ್ಲಿದೆ. ಯಾವ ಕಂಪನಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಚಿಂತೆ ಸೂಚ್ಯಂಕ ನಿಧಿಯ ಹೂಡಿಕೆದಾರನಿಗಿಲ್ಲ. ಕುರಕುಂಟಾದ ವ್ಯಾಪಾರಿಗೆ ಮಾತ್ರ ಇಂತಹ ಬದಲಿ ಪಟ್ಟಿ ಇರಲಿಲ್ಲ.

ದಲಾಲಿಯ ಲೆಕ್ಕ

ಕ್ವಿಂಟಲಿಗೆ ಎಷ್ಟು ದಲಾಲಿ, ಎಷ್ಟು ಹಮಾಲಿ, ಎಷ್ಟು ಕಡತ ಎಂಬುದನ್ನು ಪೈಸೆಪೈಸೆಯಾಗಿ ಲೆಕ್ಕ ಹಾಕುವ ವರ್ತಕನು ತನ್ನ ಹೂಡಿಕೆಯ ಮೇಲಿನ ವಾರ್ಷಿಕ ವೆಚ್ಚವನ್ನು ಕೇಳುವುದೇ ಇಲ್ಲವೆಂಬುದು ಸೋಜಿಗದ ಸಂಗತಿ. ಹತ್ತು ಲಕ್ಷ ರೂಪಾಯಿಯನ್ನು ಇಪ್ಪತ್ತು ವರ್ಷ ತೊಡಗಿಸಲಾಗಿದ್ದು, ವೆಚ್ಚಕ್ಕೆ ಮುನ್ನ ವರ್ಷಕ್ಕೆ ಶೇ. 10ರಷ್ಟು ಬೆಳೆಯುತ್ತದೆಂದು ಉದಾಹರಣೆಗಾಗಿ ಭಾವಿಸೋಣ. ವೆಚ್ಚವು ಶೇ. 0.2 ಇದ್ದರೆ ಕೊನೆಗೆ ಸುಮಾರು 65 ಲಕ್ಷ ಕೈಸೇರುತ್ತದೆ, ಶೇ. 2 ಇದ್ದರೆ ಸಿಗುವುದು ಸುಮಾರು 46.6 ಲಕ್ಷ ಮಾತ್ರ. ವ್ಯತ್ಯಾಸವಾದ 18 ಲಕ್ಷಕ್ಕೂ ಮಿಕ್ಕಿದ ಹಣ ಮಧ್ಯವರ್ತಿಗಳ ಮತ್ತು ನಿರ್ವಾಹಕರ ಪಾಲು.

ಹೆಚ್ಚು ವೆಚ್ಚ ಪಡೆಯುವ ನಿರ್ವಾಹಕನು ಹೆಚ್ಚು ಲಾಭವನ್ನೂ ತರಬಹುದಲ್ಲವೇ ಎಂದು ಕೇಳುವವರಿದ್ದಾರೆ. ಕೆಲವರು ತಂದಿದ್ದಾರೆ. ಆದರೆ ಎಲ್ಲ ಹೂಡಿಕೆದಾರರ ಒಟ್ಟು ಲಾಭವೇ ಮಾರುಕಟ್ಟೆಯ ಲಾಭವಾಗಿರುವುದರಿಂದ, ವೆಚ್ಚ ಕಳೆದ ಮೇಲೆ ಆರಿಸಿ ಕೊಳ್ಳುವವರ ಸರಾಸರಿಯು ಸೂಚ್ಯಂಕಕ್ಕಿಂತ ಕೆಳಗೇ ನಿಲ್ಲಬೇಕೆಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ ಅವರು 1991ರಲ್ಲಿ ಸರಳ ಗಣಿತದಿಂದ ತೋರಿಸಿದರು. ಗೆಲ್ಲುವ ನಿರ್ವಾಹಕನನ್ನು ಮುಂಚಿತವಾಗಿ ಗುರುತಿಸುವುದೇ ಕಷ್ಟದ ಕೆಲಸ. ನಮ್ಮ ದೇಶದಲ್ಲಿ 2013ರ ಜನವರಿಯಿಂದ ಮಧ್ಯವರ್ತಿಯಿಲ್ಲದ ನೇರ ಯೋಜನೆಗಳು ಬಂದಿರುವುದರಿಂದ ಕಡಿಮೆ ವೆಚ್ಚದ ದಾರಿ ಎಲ್ಲರಿಗೂ ತೆರೆದಿದೆ.

ವಾಸದ ದೇಶವೇ ದಾರಿಯನ್ನು ನಿರ್ಧರಿಸುತ್ತದೆ

ಅನಿವಾಸಿಗಳಿಗೆಲ್ಲ ಒಂದೇ ಸಲಹೆ ಹೊಂದುವುದಿಲ್ಲ. ಅಮೆರಿಕದಲ್ಲಿ ತೆರಿಗೆ ಕಟ್ಟುವವರು ಭಾರತದ ಮ್ಯೂಚುವಲ್ ಫಂಡ್ ಕೊಂಡರೆ, ಅಲ್ಲಿನ ಕಾನೂನು ಅದನ್ನು ಪರದೇಶದ ನಿಷ್ಕ್ರಿಯ ಹೂಡಿಕೆ ಕಂಪನಿಯೆಂದು ಪರಿಗಣಿಸಿ ಭಾರಿ ತೆರಿಗೆಯನ್ನೂ ತೊಡಕಿನ ಲೆಕ್ಕಪತ್ರವನ್ನೂ ಹೇರುತ್ತದೆ. ಅಂತಹವರಿಗೆ ಅಲ್ಲಿಯದೇ ಸೂಚ್ಯಂಕ ನಿಧಿಗಳು ಲೇಸು. ಊರಿನ ಹಿರಿಯರು ಇದನ್ನು ತಿಳಿಯದೆ, ಮಕ್ಕಳ ಹೆಸರಿನಲ್ಲಿ ಇಲ್ಲಿ ಫಂಡ್ ಕೊಳ್ಳುವಂತೆ ಒತ್ತಾಯಿಸಬಾರದು.

ಕೊಲ್ಲಿ ರಾಷ್ಟ್ರಗಳಲ್ಲಿರುವವರ ಸ್ಥಿತಿ ಬೇರೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವೈಯಕ್ತಿಕ ಆದಾಯ ತೆರಿಗೆಯಿಲ್ಲ. ಆದರೆ ಅಲ್ಲಿಂದ ಅಮೆರಿಕದಲ್ಲಿ ನೋಂದಾಯಿತವಾದ ನಿಧಿಗಳನ್ನು ಕೊಂಡರೆ ಲಾಭಾಂಶದ ಮೇಲೆ ಶೇ. 30 ಕಡಿತವಾಗುತ್ತದೆ, ಹೂಡಿಕೆದಾರನು ಮೃತನಾದರೆ 60,000 ಡಾಲರ್ ಮೀರಿದ ಆಸ್ತಿಯ ಮೇಲೆ ಶೇ. 40ರವರೆಗೂ ಅಮೆರಿಕದ ಮರಣೋತ್ತರ ಆಸ್ತಿ ತೆರಿಗೆ ಬೀಳಬಹುದು. ಅಮೆರಿಕದ ಅದೇ ಷೇರುಗಳನ್ನು ಹೊಂದಿರುವ, ಐರ್ಲೆಂಡಿನಲ್ಲಿ ನೋಂದಾಯಿತವಾದ ನಿಧಿಗಳಿಗೆ ಲಾಭಾಂಶದ ಕಡಿತವು ಶೇ. 15, ಆಸ್ತಿ ತೆರಿಗೆಯ ಆ ಭಯವೂ ಇಲ್ಲ.

ಭಾರತದಲ್ಲೇ ತೊಡಗಿಸುವವರು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯ ಮೂಲಕವೇ ವ್ಯವಹರಿಸಬೇಕು. ಊರು ಬಿಡುವ ಮುಂಚಿನ ಉಳಿತಾಯ ಖಾತೆಯನ್ನೇ ಮುಂದುವರಿಸುವುದು ಫೆಮಾ ನಿಯಮಕ್ಕೆ ವಿರುದ್ಧ. ಎನ್‌ಆರ್‌ಇ ಹಣದಿಂದ ಮಾಡಿದ ಹೂಡಿಕೆಯನ್ನು ಮರಳಿ ವಿದೇಶಕ್ಕೆ ಒಯ್ಯುವುದು ಸುಲಭ. ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರಿನ ಮಿತಿಯಿದೆ. 2024ರ ಜುಲೈ 23ರಿಂದ, ಒಂದು ವರ್ಷ ಮೀರಿ ಇಟ್ಟ ಈಕ್ವಿಟಿ ನಿಧಿಯ ಲಾಭದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ. 12.5 ತೆರಿಗೆಯಿದ್ದು, ಅನಿವಾಸಿಗಳಿಗೆ ಇದು ಮೂಲದಲ್ಲೇ ಕಡಿತವಾಗುತ್ತದೆ.

ರೂಪಾಯಿಯ ಬೆಲೆಯನ್ನೂ ಮರೆಯುವಂತಿಲ್ಲ. 2005ರಲ್ಲಿ ಡಾಲರಿಗೆ ಸುಮಾರು 44 ರೂಪಾಯಿ ಇದ್ದುದು 2022ರಲ್ಲಿ 80ನ್ನು ದಾಟಿತು. ಮುಪ್ಪಿನಲ್ಲಿ ಸೇಡಂಗೆ ಮರಳುವವನಿಗೆ ರೂಪಾಯಿಯ ಹೂಡಿಕೆ ಸಾಲಬಹುದು. ಮಕ್ಕಳನ್ನು ಹೊರದೇಶದಲ್ಲೇ ಓದಿಸಬೇಕಾದವನಿಗೆ ಜಗತ್ತಿನ ಮಾರುಕಟ್ಟೆಗಳ ಸೂಚ್ಯಂಕವೂ ಬೇಕು.

ಹಣ ಯಾರದು?

ಮಗನು ಕಳುಹಿಸಿದ ಹಣವನ್ನು ತಂದೆ ತನ್ನ ಹೆಸರಿನಲ್ಲಿ ಹೂಡುವ ಪದ್ಧತಿಯು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಅನಿವಾಸಿಗಳು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲವಾದ್ದರಿಂದ ಹೊಲವಂತೂ ತಂದೆಯ ಹೆಸರಿನಲ್ಲೇ ನೋಂದಣಿಯಾಗುತ್ತದೆ. ಮಗನು ದಾನವಾಗಿ ಕೊಟ್ಟ ಹಣವು ಕಾನೂನಿನ ದೃಷ್ಟಿಯಲ್ಲಿ ತಂದೆಯದೇ. ಉಯಿಲು ಇಲ್ಲದೆ ತಂದೆ ತೀರಿಕೊಂಡರೆ ಅದು ಎಲ್ಲ ವಾರಸುದಾರರ ನಡುವೆ ಹಂಚಿಕೆಯಾಗುತ್ತದೆ. ನಾಮನಿರ್ದೇಶಿತ ವ್ಯಕ್ತಿಯು ಒಡೆಯನಾಗುವುದಿಲ್ಲವೆಂದು ಕಂಪನಿ ಷೇರುಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಇಪ್ಪತ್ತು ವರ್ಷ ಮರಳುನಾಡಿನಲ್ಲಿ ದುಡಿದವನು ಊರಿಗೆ ಬಂದಾಗ ಅಣ್ಣತಮ್ಮಂದಿರೊಡನೆ ನ್ಯಾಯಾಲಯದ ಮೆಟ್ಟಿಲೇರುವಂತಾದರೆ, ನಷ್ಟವಾಗುವುದು ಹಣವಷ್ಟೇ ಅಲ್ಲ. ದುಡಿದವರ ಹೆಸರಿನಲ್ಲೇ ಇರುವ ನಿಧಿಗೆ ಈ ತೊಡಕಿಲ್ಲ. ವ್ಯಾಪಾರದ ಬಿಕ್ಕಟ್ಟಿನಲ್ಲಿ ಅದು ಥಟ್ಟನೆ ಬಂಡವಾಳವಾಗಿ ಕರಗುವ ಭಯವೂ ಕಡಿಮೆ.

ಆಕ್ಷೇಪಗಳು

ಕಣ್ಣೆದುರಿನ ಹೊಲವನ್ನು ಬಿಟ್ಟು ಕಾಣದ ಕಾಗದವನ್ನು ನಂಬುವುದು ಹೇಗೆಂಬ ಪ್ರಶ್ನೆ ಸಹಜವಾದದ್ದು. ಷೇರು ಮಾರುಕಟ್ಟೆ ಕುಸಿಯುವುದುಂಟು. 2008ರ ಒಂದೇ ವರ್ಷದಲ್ಲಿ ನಿಫ್ಟಿ ಅರ್ಧಕ್ಕಿಂತ ಹೆಚ್ಚು ಇಳಿಯಿತು, 2020ರ ಮಾರ್ಚ್ 23ರ ಒಂದೇ ದಿನ ಸುಮಾರು ಶೇ. 13 ಕಳೆದುಕೊಂಡಿತು. ಜಪಾನಿನ ನಿಕ್ಕಿ ಸೂಚ್ಯಂಕವು 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಆದ್ದರಿಂದ ಒಂದೇ ದೇಶದ ಸೂಚ್ಯಂಕವನ್ನು ನೆಚ್ಚುವುದೂ ಒಂದೇ ಕಾರ್ಖಾನೆಯನ್ನು ನೆಚ್ಚಿದಂತೆಯೇ. ಐದಾರು ವರ್ಷಗಳೊಳಗೆ ಮದುವೆ, ಮನೆ ಅಥವಾ ಮಿಲ್ಲಿನ ಯಂತ್ರಕ್ಕೆ ಬೇಕಾಗುವ ಹಣವನ್ನು ಇಲ್ಲಿ ತೊಡಗಿಸಬಾರದು. ಅದು ಬ್ಯಾಂಕಿನ ಠೇವಣಿಯಲ್ಲಿರಲಿ. ಹೊಲ ಬೇಡ, ಚಿನ್ನ ಬೇಡ ಎಂಬುದು ಇಲ್ಲಿಯ ವಾದವಲ್ಲ. ಎಲ್ಲವೂ ಅಲ್ಲಿಯೇ ಬೇಡ ಎಂಬುದಷ್ಟೇ.

ವಾಣಿಜ್ಯ ಸಂಸ್ಥೆಗಳು ತೆರಿಗೆ ಕಾನೂನಿನ ಕುರಿತು ಕಾರ್ಯಾಗಾರಗಳನ್ನು ಏರ್ಪಡಿಸುವಂತೆಯೇ, ಸದಸ್ಯರ ಅನಿವಾಸಿ ಮಕ್ಕಳು ಊರಿಗೆ ಬರುವ ದಸರೆ ಅಥವಾ ದೀಪಾವಳಿಯ ದಿನಗಳಲ್ಲಿ ಸೇಡಂನಲ್ಲೋ ವಾಡಿಯಲ್ಲೋ ಲೆಕ್ಕಪರಿಶೋಧಕರಿಂದ ಮಾಹಿತಿ ಶಿಬಿರ ನಡೆಸುವುದು ಸೂಕ್ತ. ಯಾವುದೇ ಕಂಪನಿಯ ಮಾರಾಟ ಪ್ರತಿನಿಧಿಗಳನ್ನು ಅದರಿಂದ ದೂರವಿಡಬೇಕು. ತಂದೆ-ಮಕ್ಕಳು ಒಟ್ಟಿಗೆ ಕುಳಿತು ಖಾತೆ ಯಾವುದು, ಹೆಸರು ಯಾರದು, ವೆಚ್ಚವೆಷ್ಟು, ಹಣ ಎಷ್ಟು ವರ್ಷಕ್ಕೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಒಂದು ಚಿಮಣಿಯ ಹೊಗೆ ನಿಂತರೆ ಊರಿನ ವ್ಯಾಪಾರಕ್ಕೆ ಏನಾಗುತ್ತದೆಂಬುದನ್ನು ಈ ಭಾಗದ ಹಿರಿಯರು ಕಂಡಿದ್ದಾರೆ. ಮಕ್ಕಳ ಗಳಿಕೆಗೆ ಆ ಗತಿ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ.