ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ?

ಐರ್ಲೆಂಡಿನಲ್ಲಿ ಅಕ್ಟೋಬರ್ 31 ಎರಡು ಕಾರಣಗಳಿಗೆ ಭಯದ ದಿನ. ಅಂದು ಸಂಜೆ ಮಕ್ಕಳು ದೆವ್ವದ ವೇಷ ತೊಟ್ಟು ಮನೆಮನೆಯ ಬಾಗಿಲು ಬಡಿಯುತ್ತಾರೆ. ಸ್ವಂತ ವೃತ್ತಿ ನಡೆಸುವವರು ಹಿಂದಿನ ವರ್ಷದ ಆದಾಯದ ವಿವರ ಸಲ್ಲಿಸಿ, ಬಾಕಿ ತೆರಿಗೆಯನ್ನೂ ನಡೆಯುತ್ತಿರುವ ವರ್ಷದ ಮುಂಗಡವನ್ನೂ ಕಟ್ಟಬೇಕಾದ ಕೊನೆಯ ದಿನವೂ ಅದೇ. ಕಂದಾಯ ಇಲಾಖೆಯ ‘ರಾಸ್’ ಎಂಬ ಆನ್‌ಲೈನ್ ಸೇವೆಯಲ್ಲಿ ವಿವರ ಸಲ್ಲಿಸಿ ಅಲ್ಲಿಯೇ ಹಣ ಕಟ್ಟುವವರಿಗೆ ನವೆಂಬರ್ ಮಧ್ಯದವರೆಗೆ ಬಿಡುವು ದೊರೆಯುತ್ತದೆ. ಕಾರ್ಕ್ ನಗರದ ದಕ್ಷಿಣ ಅಂಚಿನ ಈ ಡಗ್ಲಸ್‌ನಲ್ಲಿ ಕುಳಿತು ದಾಖಲೆಗಳ ಕೈಪಿಡಿಗಳನ್ನು ಬರೆದುಕೊಟ್ಟು ಬದುಕುವ ನನಗೂ ಆ ಬಿಡುವೇ ಪ್ರತಿವರ್ಷದ ಆಸರೆ.

ಈ ಬಾರಿ ಆ ದಿನಕ್ಕೆ ಹತ್ತು ದಿನ ಮೊದಲೇ ದೀಪಾವಳಿ ಬಂದಿತ್ತು. ಹಬ್ಬದ ಶುಭಾಶಯಕ್ಕೆಂದು ಶಿವಮೊಗ್ಗದಿಂದ ಕರೆ ಮಾಡಿದ ಅಕ್ಕನ ಮಗ ಮಾತಿನ ನಡುವೆ ಕೇಳಿದ: “ಮಾಮ, ನಾನೂ ಫ್ರೀಲ್ಯಾನ್ಸ್ ಶುರು ಮಾಡಬೇಕು ಅಂತಿದ್ದೇನೆ. ಮುಂದೆ ಅಲ್ಲಿಗೇ ಬರುವ ಯೋಚನೆಯೂ ಇದೆ. ಲೆಕ್ಕ, ಬಿಲ್ಲು, ಕೆಲಸದ ಸಮಯ ಎಲ್ಲದಕ್ಕೂ ಯಾವ ಸಾಫ್ಟ್‌ವೇರ್ ತಗೊಳ್ಳಲಿ?” ಒಂದು ಹೆಸರು ಹೇಳಿ ಫೋನ್ ಇಡಬಹುದಿತ್ತು. ಇಡಲಾಗಲಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ಅವನಿಗೆ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಜ್ಜ ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ದೀಪಾವಳಿಯ ಲಕ್ಷ್ಮೀಪೂಜೆಯಂದು ಕೆಂಪು ಬಟ್ಟೆಯ ರಟ್ಟು ಹಾಕಿದ ಹೊಸ ಕಿರ್ದಿಗೂ ಖಾತೆ ಪುಸ್ತಕಕ್ಕೂ ಅರಿಶಿನ ಕುಂಕುಮ ಹಚ್ಚುವುದು ಅವರ ಪಾಲಿನ ಕೆಲಸ. ಆ ಪುಸ್ತಕಕ್ಕೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು. ಗೆದ್ದಲು, ಮಳೆ, ಇಲಿ ಬಿಟ್ಟರೆ ಅದಕ್ಕೆ ಬೇರೆ ಶತ್ರುವಿರಲಿಲ್ಲ. ಆಮೇಲೆ ಟ್ಯಾಲಿ ಬಂತು. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ ಆರಂಭಿಸಿದ ಸಂಸ್ಥೆಯ ಆ ತಂತ್ರಾಂಶ ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದೆದುರು ‘ಇಲ್ಲಿ ಟ್ಯಾಲಿ ಕಲಿಸಲಾಗುವುದು’ ಎಂಬ ಫಲಕವಾಗಿ ಕುಳಿತಿತು. ಆಗಲೂ ಲೆಕ್ಕವಿದ್ದದ್ದು ಅಂಗಡಿಯ ಸ್ವಂತ ಕಂಪ್ಯೂಟರಿನಲ್ಲಿ. ಈಗ ನಾವು ಬಳಸುವ ಬಹುಪಾಲು ಸಾಧನಗಳಲ್ಲಿ ಪುಸ್ತಕ ನಮ್ಮ ಮನೆಯಲ್ಲಿಲ್ಲ, ಬೇರೆಯವರ ಮನೆಯ ಕಪಾಟಿನಲ್ಲಿದೆ. ತಿಂಗಳ ಬಾಡಿಗೆ ಕಟ್ಟಿ ನಾವು ಅದನ್ನು ತೆರೆದು ಓದುತ್ತೇವೆ.

ಬಾಡಿಗೆ ಎಷ್ಟಾಗುತ್ತದೆಂಬುದು ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಹನ್ನೆರಡು ಯೂರೋ, ಹದಿನೈದು ಯೂರೋ ಎಂದು ಒಂದೊಂದೇ ಸೇರುತ್ತವೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬ್ಯಾಂಕಿನ ವಿವರ ಹರಡಿಕೊಂಡು ಕೂಡಿಸಿದಾಗ ನನ್ನ ಆರು ಚಂದಾಗಳ ಮೊತ್ತ ತಿಂಗಳಿಗೆ 94 ಯೂರೋ ಆಗಿತ್ತು. ವರ್ಷಕ್ಕೆ 1,128 ಯೂರೋ, ಎಂದರೆ ಒಂದು ಲಕ್ಷ ರೂಪಾಯಿಗೂ ಮಿಗಿಲು. ವೃತ್ತಿಗಾಗಿಯೇ ಮಾಡಿದ ವೆಚ್ಚವಾದ್ದರಿಂದ ತೆರಿಗೆಯ ಲೆಕ್ಕದಲ್ಲಿ ಅದನ್ನು ಕಳೆಯಬಹುದು ಎಂಬ ಸಮಾಧಾನವಿದೆ, ನಿಜ. ಆದರೆ ಕಳೆದದ್ದು ಆದಾಯದಿಂದ. ಹಣವಂತೂ ಹೋಗಿಯೇ ಹೋಯಿತು. ಆರರಲ್ಲಿ ಮೂರು ಒಂದೇ ಕೆಲಸ ಮಾಡುತ್ತಿದ್ದವು ಎಂದು ತಿಳಿಯಲು ನನಗೆ ಅಷ್ಟು ಕಾಲ ಬೇಕಾಯಿತು.

ಹಣಕ್ಕಿಂತ ದೊಡ್ಡ ಪ್ರಶ್ನೆ ಮನೆಯ ಯಜಮಾನನೇ ಬಾಗಿಲು ಹಾಕಿಕೊಂಡು ಹೋದರೆ ಏನು ಎಂಬುದು. ಕೆನಡಾದ ವ್ಯಾಂಕೂವರ್‌ನಲ್ಲಿ ನೆಲೆಯೂರಿ ಅಮೆರಿಕದ ಸಣ್ಣ ಉದ್ದಿಮೆಗಳ ಲೆಕ್ಕ ನೋಡುತ್ತಿದ್ದ ಬೆಂಚ್ ಎಂಬ ಸಂಸ್ಥೆ 2024ರ ಡಿಸೆಂಬರ್ 27ರಂದು, ವರ್ಷಾಂತ್ಯದ ಲೆಕ್ಕದ ಹೊತ್ತಿಗೆ, ಸೇವೆ ನಿಲ್ಲಿಸಿರುವುದಾಗಿ ಜಾಲತಾಣದಲ್ಲಿ ಫಲಕ ಹಾಕಿತು. ಕೆಲವೇ ದಿನಗಳಲ್ಲಿ ಬೇರೊಂದು ಸಂಸ್ಥೆ ಅದನ್ನು ಕೊಂಡಿದ್ದರಿಂದ ಗ್ರಾಹಕರು ಬಚಾವಾದರು. ಆ ನಡುವಿನ ದಿನಗಳ ನಿದ್ದೆಯನ್ನು ಯಾರೂ ಹಿಂತಿರುಗಿಸಲಿಲ್ಲ. ದೊಡ್ಡವರು ಮುಚ್ಚುವುದಿಲ್ಲ ಎನ್ನುವಂತೆಯೂ ಇಲ್ಲ. ಪರದೇಶಕ್ಕೆ ಹೋದ ಮಕ್ಕಳ ಮುಖವನ್ನು ಒಂದು ಇಡೀ ತಲೆಮಾರಿನ ತಾಯಂದಿರಿಗೆ ತೋರಿಸಿದ ಸ್ಕೈಪ್ 2003ರಲ್ಲಿ ಹುಟ್ಟಿ 2025ರ ಮೇ 5ರಂದು ಕಣ್ಮುಚ್ಚಿತು. ಅದರ ಒಡೆತನವಿದ್ದದ್ದು ಮೈಕ್ರೋಸಾಫ್ಟ್‌ನಂಥ ಸಂಸ್ಥೆಯಲ್ಲಿ.

ನನಗಾದ ಪಾಡು ಇಷ್ಟು ದೊಡ್ಡದಲ್ಲ. ಸಮಯದ ಲೆಕ್ಕವನ್ನೂ ಇನ್‌ವಾಯ್ಸನ್ನೂ ಒಟ್ಟಿಗೆ ನೋಡಿಕೊಳ್ಳುವ ಒಂದು ಚಂದದ ಸೇವೆಯನ್ನು ನಾಲ್ಕು ವರ್ಷ ಬಳಸಿದ್ದೆ. ಅದು ಕೈ ಬದಲಾಯಿತು, ದರ ಏರಿತು. ಸರಿ, ಹೊರಡೋಣವೆಂದು ಗಂಟು ಕಟ್ಟಲು ಹೋದರೆ ಒಯ್ಯಲು ಸಿಕ್ಕಿದ್ದು ಒಂದೊಂದೂ ಬೇರೆಯಾದ ಪಿಡಿಎಫ್ ಕಡತಗಳು ಮಾತ್ರ. ಐರ್ಲೆಂಡಿನಲ್ಲಿ ವ್ಯವಹಾರದ ದಾಖಲೆಗಳನ್ನು ಆರು ವರ್ಷ ಕಾಪಾಡಬೇಕು. ಹಾಗಾಗಿ ಎರಡು ವಾರಾಂತ್ಯ ಕುಳಿತು ನಾಲ್ಕು ವರ್ಷದ ಬಿಲ್ಲುಗಳನ್ನು ಒಂದು ಹಾಳೆಗೆ ಕೈಯಾರೆ ಇಳಿಸಿದೆ. ಅಜ್ಜನ ಕಿರ್ದಿ ಬರೆಯುವ ಕೆಲಸ ಕೊನೆಗೂ ನನ್ನ ಪಾಲಿಗೆ ಬಂತು. ಅಂದಿನಿಂದ ಯಾವ ಸಾಧನವನ್ನು ನೋಡಿದರೂ ನಾನು ಮೊದಲು ತೆರೆಯುವುದು ಅದರ ಬೆಲೆಯ ಪುಟವನ್ನಲ್ಲ. ಪ್ರಯೋಗದ ಖಾತೆಯಲ್ಲಿ ಎರಡು ಸುಳ್ಳು ಬಿಲ್ಲು ಬರೆದು, ಅವನ್ನು ಎಕ್ಸೆಲ್ ತೆರೆಯಬಲ್ಲ ರೂಪದಲ್ಲಿ ಹೊರಗೆ ತೆಗೆದು ನೋಡುತ್ತೇನೆ. ಬಂದರೆ ಮುಂದಿನ ಮಾತು.

ಈ ವಿಷಯದಲ್ಲಿ ಯುರೋಪ್ ಒಕ್ಕೂಟದ ಕಾನೂನು ಈಗ ಗ್ರಾಹಕನ ಪರ ವಾಲಿದೆ. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿರುವ ದತ್ತಾಂಶ ಕಾಯ್ದೆಯ ಪ್ರಕಾರ, ಒಂದು ಕ್ಲೌಡ್ ಸೇವೆಯಿಂದ ಇನ್ನೊಂದಕ್ಕೆ ಹೋಗುವ ಗ್ರಾಹಕನಿಗೆ ಸೇವೆಯವರು ಅಡ್ಡಗಾಲು ಹಾಕುವಂತಿಲ್ಲ. 2027ರ ಜನವರಿ 12ರಿಂದ ಆ ಸ್ಥಳಾಂತರಕ್ಕೆ ಶುಲ್ಕ ಕೇಳುವಂತೆಯೂ ಇಲ್ಲ. ಒಳ್ಳೆಯದೇ. ಆದರೆ ಹದಿನೈದು ಯೂರೋ ಚಂದಾಕ್ಕಾಗಿ ಕಾನೂನಿನ ಮೆಟ್ಟಿಲು ಹತ್ತುವ ಫ್ರೀಲ್ಯಾನ್ಸರನನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಬದಲಾವಣೆ ಹೆಚ್ಚು ಗಂಭೀರವಾದುದು. 2025ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟ ‘ಡಿಜಿಟಲ್ ಯುಗದ ವ್ಯಾಟ್’ ಎಂಬ ಸುಧಾರಣೆಯನ್ನು ಅಂಗೀಕರಿಸಿತು. ಅದನ್ನು ಇಲ್ಲಿ ಹೇಗೆ ಜಾರಿಗೆ ತರುವುದೆಂದು ಐರ್ಲೆಂಡಿನ ಕಂದಾಯ ಇಲಾಖೆ ಅಕ್ಟೋಬರ್‌ನಲ್ಲಿ ತಿಳಿಸಿದೆ. 2028ರ ನವೆಂಬರ್‌ನಿಂದ ದೊಡ್ಡ ಕಂಪನಿಗಳು, 2029ರ ನವೆಂಬರ್‌ನಿಂದ ಒಕ್ಕೂಟದ ಇತರ ದೇಶಗಳೊಡನೆ ವ್ಯಾಪಾರವಿರುವ ವ್ಯಾಟ್ ನೋಂದಾಯಿತರು ಇ-ಇನ್‌ವಾಯ್ಸ್ ನೀಡಬೇಕು. 2030ರ ಜುಲೈಯಿಂದ ಒಕ್ಕೂಟದ ಗಡಿ ದಾಟುವ ವ್ಯವಹಾರಕ್ಕೆಲ್ಲ ಅದು ಕಡ್ಡಾಯ. ಇ-ಇನ್‌ವಾಯ್ಸ್ ಎಂದರೆ ಮಿಂಚಂಚೆಗೆ ಅಂಟಿಸಿ ಕಳಿಸುವ ಪಿಡಿಎಫ್ ಅಲ್ಲ. ಯಂತ್ರವೇ ಓದಿ ಲೆಕ್ಕಕ್ಕೆ ಇಳಿಸಿಕೊಳ್ಳಬಲ್ಲ, ನಿಗದಿತ ರಚನೆಯ ಕಡತ. ಜಿಎಸ್‌ಟಿಯ ಇ-ಇನ್‌ವಾಯ್ಸ್ ಕಂಡ ನಮ್ಮೂರಿನ ಆಡಿಟರುಗಳಿಗೆ ಇದು ಹೊಸದೆನಿಸದು. ಈ ಒಂದು ವಿಷಯದಲ್ಲಿ ಭಾರತ ಮುಂದಿದೆ. ಬಿಲ್ಲನ್ನು ವರ್ಡ್‌ನಲ್ಲಿ ಬರೆದು ಕಳಿಸುವ ನನ್ನಂಥವರ ಕಾಲ ಇಲ್ಲಿಯೂ ಮುಗಿಯುತ್ತಾ ಬಂದಿದೆ. ಇಂದು ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಯಾರಾದರೂ ಆಮಿಷ ತೋರಿದರೆ, 2028ರಲ್ಲಿ ಈ ಕಡತವನ್ನು ಕಳಿಸಬಲ್ಲಿರಾ, ಪಡೆಯಬಲ್ಲಿರಾ ಎಂದು ಕೇಳಿ. ಉತ್ತರ ತಡವರಿಸಿದರೆ ತಿಂಗಳ ಚಂದಾದಲ್ಲೇ ಇರಿ.

ವ್ಯಾಟ್ ಎಲ್ಲರಿಗೂ ತಗಲುವುದಿಲ್ಲ ಎಂಬುದನ್ನೂ ಹೇಳಬೇಕು. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 42,500 ಯೂರೋ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ. ಈ ಮಿತಿ 2025ರ ಜನವರಿಯಲ್ಲಿ 40,000ದಿಂದ ಏರಿತು. ಆದರೆ ಇದರಲ್ಲೊಂದು ಮುಳ್ಳಿದೆ, ಅದೂ ಸಾಫ್ಟ್‌ವೇರ್ ಕೊಳ್ಳುವವರಿಗೇ ಚುಚ್ಚುವಂಥದು. ವೃತ್ತಿಗಾಗಿ ಹೊರದೇಶದ ಸಂಸ್ಥೆಯಿಂದ ಸೇವೆ ಕೊಂಡರೆ, ನಿಮ್ಮ ವಹಿವಾಟು ಮಿತಿಯೊಳಗಿದ್ದರೂ ನೀವೇ ವ್ಯಾಟ್ ಲೆಕ್ಕ ಕೊಡುವ ಹೊಣೆ ಬರಬಹುದು. ಅಮೆರಿಕದ ತಂತ್ರಾಂಶಕ್ಕೆ ಕಾರ್ಡ್ ಉಜ್ಜುವ ಮೊದಲು ಇಲ್ಲಿನ ಅಕೌಂಟೆಂಟ್ ಒಬ್ಬರನ್ನು ಒಂದು ಮಾತು ಕೇಳುವುದು ಲೇಸು. ಅಂತರ್ಜಾಲದಲ್ಲಿ ಸಿಗುವ ‘ಅತ್ಯುತ್ತಮ ಹತ್ತು ಸಾಧನಗಳು’ ಎಂಬ ಪಟ್ಟಿಗಳನ್ನು ಬರೆದವರಿಗೆ ಇದಾವುದರ ಗೊಡವೆಯಿಲ್ಲ. ಅವುಗಳಲ್ಲಿ ಹಲವು ಬ್ರಿಟನ್ನಿನವರಿಗಾಗಿ ಬರೆದವು. ಅಲ್ಲಿ ವರ್ಷಕ್ಕೆ 50,000 ಪೌಂಡಿಗಿಂತ ಹೆಚ್ಚು ಗಳಿಸುವ ಸ್ವಂತ ವೃತ್ತಿಯವರು 2026ರ ಏಪ್ರಿಲ್‌ನಿಂದ ಒಪ್ಪಿತ ತಂತ್ರಾಂಶದಲ್ಲಿಯೇ ಮೂರು ತಿಂಗಳಿಗೊಮ್ಮೆ ವಿವರ ಕಳಿಸಬೇಕಾದ್ದರಿಂದ ಮಾರಾಟದ ಭರಾಟೆ ಜೋರಾಗಿದೆ. ಆ ನಿಯಮ ಐರಿಶ್ ಸಮುದ್ರ ದಾಟಿ ನಮ್ಮ ಗಣರಾಜ್ಯಕ್ಕೆ ಬಂದಿಲ್ಲ.

ಊರಲ್ಲೇ ಕುಳಿತು ಇಲ್ಲಿನ ಗ್ರಾಹಕರಿಗೆ ಕೆಲಸ ಮಾಡಬಯಸುವವರ ದಾರಿ ಬೇರೆ. ಸೇವಾ ರಫ್ತಿಗೆ ಐಜಿಎಸ್‌ಟಿ ಕಟ್ಟದೆ ಬಿಲ್ಲು ಮಾಡಲು ಪ್ರತಿ ಆರ್ಥಿಕ ವರ್ಷಕ್ಕೂ ಹೊಸದಾಗಿ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು. ಅದರ ಉಲ್ಲೇಖವಿರುವ ಬಿಲ್ಲನ್ನು ಝೋಹೋದಂಥ ನಮ್ಮ ನೆಲದ ತಂತ್ರಾಂಶಗಳು ಸಲೀಸಾಗಿ ಮಾಡುತ್ತವೆ. ಆದರೆ ಅಕ್ಕನ ಮಗನಿಗೆ ಹೇಳಿದ ಮಾತನ್ನೇ ಇಲ್ಲಿಯೂ ಹೇಳುತ್ತೇನೆ: ಹಲವು ಲೆಕ್ಕದ ತಂತ್ರಾಂಶಗಳಲ್ಲಿ ಖಾತೆ ತೆರೆಯುವಾಗ ಆರಿಸಿದ ದೇಶವನ್ನು ಆಮೇಲೆ ಬದಲಿಸಲಾಗದು. ಶಿವಮೊಗ್ಗದ ಖಾತೆಯನ್ನು ಹೊತ್ತುಕೊಂಡು ಕಾರ್ಕ್‌ಗೆ ಬರಲಾಗುವುದಿಲ್ಲ. ಇಲ್ಲಿ ಹೊಸದಾಗಿಯೇ ತೆರೆಯಬೇಕು.

ಕಾರ್ಕ್‌ನವರು ಹೆಮ್ಮೆಯಿಂದ ಹೇಳಿಕೊಳ್ಳುವ ಒಂದು ಕಥೆಯಿದೆ. ಪೀಟರ್ ಕಾಪಿಂಜರ್ ಮತ್ತು ಡ್ಯಾನಿಯೆಲ್ ಮ್ಯಾಕಿ ಎಂಬಿಬ್ಬರು ಈ ಊರಿನಲ್ಲಿ ಗ್ರಾಹಕರಿಗೆ ಜಾಲತಾಣ ಮಾಡಿಕೊಡುತ್ತಿದ್ದರು. ಯಾರಿಗೆ ಏನು ಒಪ್ಪಿಕೊಂಡಿದ್ದೇವೆ, ಯಾವುದು ಮುಗಿದಿದೆ ಎಂಬುದರ ಲೆಕ್ಕವಿಡಲು ಸಿಕ್ಕ ಸಾಧನಗಳು ಹಿಡಿಸದೆ 2007ರಲ್ಲಿ ತಾವೇ ಒಂದನ್ನು ಕಟ್ಟಿದರು. ಅದೇ ಟೀಮ್‌ವರ್ಕ್, ಇಂದು ಜಗತ್ತಿನಾದ್ಯಂತ ಮಾರಾಟವಾಗುತ್ತಿರುವ ಯೋಜನಾ ನಿರ್ವಹಣೆಯ ತಂತ್ರಾಂಶ. ನನಗೆ ಈ ಕಥೆಯಲ್ಲಿ ಹಿಡಿಸುವುದು ಅದರ ಯಶಸ್ಸಿಗಿಂತ ಅದರ ಕ್ರಮ. ಕೆಲಸ ಮೊದಲಿತ್ತು, ಸಾಧನ ಆಮೇಲೆ ಬಂತು. ಗ್ರಾಹಕನೊಬ್ಬನೂ ಇಲ್ಲದೆ ಗ್ರಾಹಕರನ್ನು ನಿರ್ವಹಿಸುವ ತಂತ್ರಾಂಶ ಕೊಂಡವರನ್ನು ನಾನು ಇದೇ ಊರಿನಲ್ಲಿ ನೋಡಿದ್ದೇನೆ. ಮೊದಲ ವರ್ಷಕ್ಕೆ ವೃತ್ತಿಗೆಂದೇ ಪ್ರತ್ಯೇಕವಾದ ಒಂದು ಬ್ಯಾಂಕ್ ಖಾತೆ, ಒಂದು ಸ್ಪ್ರೆಡ್‌ಶೀಟ್, ರಸೀದಿಗಳ ಫೋಟೋ ತೆಗೆದಿಡುವ ಶಿಸ್ತು ಸಾಕು ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ ಹತ್ತು ಬಿಲ್ಲು ದಾಟಿದ ಮೇಲೆ ಲೆಕ್ಕದ ತಂತ್ರಾಂಶ ತನ್ನ ಬಾಡಿಗೆಯನ್ನು ತಾನೇ ದುಡಿಯುತ್ತದೆ.

ಪ್ರತಿಗಳನ್ನು ಎಲ್ಲಿ ಇಡುವುದೆಂಬ ಪಾಠವನ್ನು ಡಗ್ಲಸ್ ತಾನೇ ಕಲಿಸಿದೆ. 2012ರ ಜೂನ್‌ನಲ್ಲಿ ಇಲ್ಲಿನ ಹೊಳೆ ಉಕ್ಕಿ ಊರಿನ ನಡುಮಧ್ಯದ ಅಂಗಡಿಗಳಿಗೆ ನುಗ್ಗಿತು. 2019ರ ಆಗಸ್ಟ್ 31ರಂದು ಡಗ್ಲಸ್ ವಿಲೇಜ್ ಶಾಪಿಂಗ್ ಸೆಂಟರಿನ ಬಹುಮಹಡಿ ವಾಹನ ನಿಲ್ದಾಣದಲ್ಲಿ ಕಾರೊಂದಕ್ಕೆ ಹತ್ತಿದ ಬೆಂಕಿ ಹಬ್ಬಿ, ಇಡೀ ಸಂಕೀರ್ಣ ಮುಚ್ಚಿ 2020ರ ನವೆಂಬರ್‌ವರೆಗೆ ತೆರೆಯಲಿಲ್ಲ. ಒಳಗಿದ್ದ ಗ್ರಂಥಾಲಯವೂ ಮುಚ್ಚಿತು. ಹಾಗಾದರೆ ಎಲ್ಲವೂ ಕ್ಲೌಡ್‌ನಲ್ಲಿರಲಿ ಎನ್ನೋಣವೇ? 2021ರ ಮೇ 14ರಂದು ದೇಶದ ಆರೋಗ್ಯ ಸೇವೆಯ ಕಂಪ್ಯೂಟರುಗಳನ್ನು ಸುಲಿಗೆಕೋರರು ಬೀಗ ಜಡಿದು ಒತ್ತೆಯಿಟ್ಟುಕೊಂಡಾಗ ಆಸ್ಪತ್ರೆಗಳು ಕಾಗದ ಪೆನ್ನಿಗೆ ಮರಳಿದ್ದವು. ನನ್ನದು ಹಳ್ಳಿಯ ಬುದ್ಧಿ: ತಿಂಗಳ ಮೊದಲ ದಿನ ಎಲ್ಲವನ್ನೂ ಹೊರತೆಗೆದು ಒಂದು ಪ್ರತಿಯನ್ನು ಮನೆಯ ಡ್ರೈವಿನಲ್ಲಿ, ಇನ್ನೊಂದನ್ನು ಬೇರೆ ಸಂಸ್ಥೆಯ ಕ್ಲೌಡ್‌ನಲ್ಲಿ ಇಡುತ್ತೇನೆ. ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ನಾನು ಅಕ್ಕನ ಮಗನಿಗೆ ಹೇಳಲು ಮರೆತದ್ದೂ ಅದನ್ನೇ. ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಯ ಮೇಲೆ ಬಂದವರು ಸ್ಟ್ಯಾಂಪ್ 1ರಲ್ಲಿರುವಾಗ ಪರವಾನಗಿ ಕೊಟ್ಟ ಉದ್ಯೋಗ ಬಿಟ್ಟು ಸ್ವಂತ ವೃತ್ತಿ ಮಾಡುವಂತಿಲ್ಲ. 21 ತಿಂಗಳ ನಂತರ ಸ್ಟ್ಯಾಂಪ್ 4ಕ್ಕೆ ಅರ್ಜಿ ಹಾಕಬಹುದು, ಅದು ಕೈಗೆ ಬಂದ ಮೇಲೆ ದಾರಿ ತೆರೆಯುತ್ತದೆ. ಅವರ ಪತಿ ಅಥವಾ ಪತ್ನಿಗೆ ಸಿಗುವ ಸ್ಟ್ಯಾಂಪ್ 1ಜಿ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಪರವಾನಗಿಯಿಲ್ಲದೆ ಯಾವುದೇ ಸಂಬಳದ ಕೆಲಸಕ್ಕೆ ಸೇರಬಹುದು ಎಂಬ ಅರ್ಧ ಮಾತು ಎಲ್ಲರಿಗೂ ಗೊತ್ತು. ಸ್ವಂತ ವ್ಯವಹಾರ ಆರಂಭಿಸುವಂತಿಲ್ಲ, ಫ್ರೀಲ್ಯಾನ್ಸ್ ಮಾಡುವಂತಿಲ್ಲ ಎಂಬ ಉಳಿದರ್ಧ ಕೆಲವರಿಗಷ್ಟೇ ಗೊತ್ತು.

ನಮ್ಮ ಪರಿಚಯದ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರು ವಿನ್ಯಾಸಕಿ. ಗಂಡನ ಜೊತೆ ಬಂದ ಎರಡನೆಯ ತಿಂಗಳಲ್ಲೇ ಒಂದು ಬಿಲ್ಲಿಂಗ್ ಸೇವೆಗೆ ವರ್ಷದ ಚಂದಾ ಕಟ್ಟಿ, ಚಂದದ ಲಾಂಛನ ಮಾಡಿಕೊಂಡು, ಮೊದಲ ಗ್ರಾಹಕರನ್ನೂ ಹುಡುಕಿಕೊಂಡಿದ್ದರು. ಅವರ ಹೆಸರು, ವಿಳಾಸ, ಕಾರ್ಡಿನ ಸಂಖ್ಯೆ, ಬಿಲ್ಲಿಗೆ ಬೇಕಾದ ಬಣ್ಣ ಎಲ್ಲವನ್ನೂ ಕೇಳಿದ ತಂತ್ರಾಂಶ ನಿಮ್ಮ ಸ್ಟ್ಯಾಂಪ್ ಯಾವುದು ಎಂದು ಕೇಳಲಿಲ್ಲ. ಅದರ ಕೆಲಸವೂ ಅದಲ್ಲ. ಬಿಲ್ಲು ಹೊರಡುವ ಮೊದಲೇ ಸ್ನೇಹಿತರೊಬ್ಬರ ಮನೆಯ ಊಟದಲ್ಲಿ ಈ ಮಾತು ಬಂದು ಅವರು ಕೈ ತಡೆದರು. ತಡೆಯದಿದ್ದರೆ ವಾಸದ ಅನುಮತಿಯ ಷರತ್ತು ಮುರಿದಂತಾಗುತ್ತಿತ್ತು; ಮುಂದೆ ಪ್ರತಿ ನವೀಕರಣದಲ್ಲೂ ಆ ಒಂದು ಬಿಲ್ಲು ಎದುರು ನಿಲ್ಲಬಹುದಿತ್ತು. ಈಗ ಅವರು ನಗರದ ಒಂದು ಮುದ್ರಣಾಲಯದಲ್ಲಿ ವಾರಕ್ಕೆ ಮೂರು ದಿನ ಸಂಬಳಕ್ಕೆ ದುಡಿಯುತ್ತಾರೆ. ಚಂದಾದ ಹಣ ವಾಪಸು ಬರಲಿಲ್ಲ. ‘ನಿಮ್ಮ ಮೊದಲ ಇನ್‌ವಾಯ್ಸ್ ಕಾಯುತ್ತಿದೆ’ ಎಂಬ ಮಿಂಚಂಚೆ ಮಾತ್ರ ಇಂದಿಗೂ ಪ್ರತಿ ಸೋಮವಾರ ತಪ್ಪದೆ ಬರುತ್ತದೆ.