ಮನೆಯೊಡತಿಗೆ ಈಗ ಎರಡು ವರ್ಷ

ಎರಡು ವರ್ಷ ತುಂಬಿದ ಹೆಣ್ಣುಮಗುವಿರುವ ಮನೆಯಲ್ಲಿ ಯಜಮಾನಿಕೆ ಯಾರದೆಂಬ ಪ್ರಶ್ನೆ ಉದ್ಭವಿಸುವುದೇ ಇಲ್ಲ. ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥರೆಂದು ಯಾರ ಹೆಸರಾದರೂ ಇರಲಿ, ಊಟ ಯಾವಾಗ, ದೀಪ ಆರಿಸುವುದು ಯಾವಾಗ, ಅಪ್ಪ ಯಾವ ಚಪ್ಪಲಿ ಮೆಟ್ಟಿ ಕಚೇರಿಗೆ ಹೋಗಬೇಕು ಎಂಬಂಥ ನೀತಿ ನಿರ್ಧಾರಗಳೆಲ್ಲ ಎರಡೂವರೆ ಅಡಿ ಎತ್ತರದ ಆ ಪೀಠದಿಂದಲೇ ಹೊರಬೀಳುತ್ತವೆ. ಮೇಲ್ಮನವಿಗೆ ಅವಕಾಶವಿಲ್ಲ. ತಡೆಯಾಜ್ಞೆ ತರಬಲ್ಲವಳು ಅಜ್ಜಿಯೊಬ್ಬಳೇ. ಆಕೆಯೂ ಸಾಮಾನ್ಯವಾಗಿ ಆಡಳಿತ ಪಕ್ಷದಲ್ಲೇ ಇರುತ್ತಾಳೆ.

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ನಮ್ಮ ಮನೆಯಲ್ಲಿ ಈ ಆಡಳಿತ ಎರಡು ಭಾಷೆಗಳಲ್ಲಿ ನಡೆಯುತ್ತದೆ. ಇದು ಗಡಿ ಸೀಮೆ; ಕನ್ನಡದ ಪಕ್ಕದಲ್ಲೇ ತೆಲುಗೂ ಸಲೀಸಾಗಿ ಕಿವಿಗೆ ಬೀಳುತ್ತದೆ. ಮಗಳು ಎರಡರಿಂದಲೂ ಮೊದಲು ಆಯ್ದುಕೊಂಡದ್ದು ನಿರಾಕರಣೆಯ ಪದಗಳನ್ನು. ಹಾಲಿನ ಲೋಟ ಕಂಡರೆ ‘ಬ್ಯಾಡ’, ಸ್ನಾನವೆಂದರೆ ‘ವದ್ದು’, ಎರಡೂ ಫಲಿಸದಿದ್ದಾಗ ಮೊಬೈಲ್‌ನಿಂದ ಕಲಿತ ‘ನೋ’. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಬಳ್ಳಾರಿ ತಾಲ್ಲೂಕು ಯಾರದೆಂದು ತೀರ್ಮಾನಿಸಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯೇ ಬೇಕಾಯಿತು. ದೊಡ್ಡವರು ಅಷ್ಟೊಂದು ವಾದ–ಪ್ರತಿವಾದಗಳ ಬಳಿಕ ಬಿಡಿಸಿದ ಗಂಟನ್ನು ಈ ಸೀಮೆಯ ಮಕ್ಕಳು ತೊಟ್ಟಿಲಲ್ಲೇ ಬಿಡಿಸಿಕೊಂಡಿರುತ್ತಾರೆ. ಯಾವ ಭಾಷೆಯಲ್ಲಿ ಕೇಳಿದರೆ ಬೆಲ್ಲ ಸಿಗುತ್ತದೆಯೋ ಆ ಕ್ಷಣಕ್ಕೆ ಅದೇ ಮಾತೃಭಾಷೆ.

ಎರಡು ವರ್ಷದವರ ಕಾಲಮಾನವೂ ಬೇರೆ. ಬೀದಿಯ ತುದಿಯ ಅಂಗಡಿಗೆ ಹೋಗಿ ಮಂಡಾಳು ತರುವುದು ನನಗೆ ಐದು ನಿಮಿಷದ ಕೆಲಸ. ಮಗಳ ಕೈಹಿಡಿದು ಹೊರಟರೆ ಮುಕ್ಕಾಲು ಗಂಟೆ. ದಾರಿಯಲ್ಲಿ ಮಲಗಿದ ನಾಯಿಯ ಕ್ಷೇಮ ವಿಚಾರಿಸಬೇಕು, ಎಮ್ಮೆಗೆ ಟಾಟಾ ಹೇಳಬೇಕು, ಇರುವೆ ಸಾಲು ದಾಟಿ ಮುಗಿಯುವವರೆಗೆ ಕುಕ್ಕರಗಾಲಲ್ಲಿ ಕಾಯಬೇಕು. ತಂದ ಮಂಡಾಳಿನಲ್ಲಿ ಮನೆ ಸೇರುವುದು ಅರ್ಧ. ಉಳಿದರ್ಧ ದಾರಿಯ ಕಾಗೆ, ಕೋಳಿಗಳ ಪಾಲು. ಎದುರಾಗುವ ಹಿರಿಯರು ನಿಂತು ನೋಡಿ, ‘ಏನಪ್ಪಾ, ಕೂಸಿನ್ನ ನೀನೇ ಕರ್ಕಂಡು ಬಂದೀಯಲ್ಲ, ಮನ್ಯಾಗ ಹೆಣ್ಮಕ್ಳು ಯಾರೂ ಇಲ್ಲೇನು?’ ಎಂದು ಕೇಳುತ್ತಾರೆ. ಅದರಲ್ಲಿ ಕುಹಕವಿಲ್ಲ, ಶುದ್ಧ ಕಾಳಜಿಯಿದೆ. ನನ್ನ ಮಾತು ಶುರುವಾಗುವುದೂ ಆ ಕಾಳಜಿಯಿಂದಲೇ. ಗಂಡಸೊಬ್ಬ ತನ್ನ ಮಗುವಿನೊಡನೆ ಹಗಲಲ್ಲಿ ಕಾಣಿಸಿಕೊಂಡರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ನಾವು ಭಾವಿಸುತ್ತೇವೆ.

ಕೂಸು ನೋಡಿಕೊಳ್ಳುವುದು ಹೆಂಗಸರಿಗೆ ಹುಟ್ಟಿನಿಂದ ಬರುವ ವಿದ್ಯೆ, ಗಂಡಸರಿಗೆ ಅದು ಒಗ್ಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ನಂಬಿಕೆಯನ್ನು ಪರೀಕ್ಷಿಸಲು ನಮ್ಮ ಕಪ್ಪು ನೆಲದ ಮೆಣಸಿನಕಾಯಿ ಸುಗ್ಗಿಗಿಂತ ಒಳ್ಳೆಯ ಕಾಲವಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಕಣಗಳೆಲ್ಲ ಕೆಂಪಾಗುತ್ತವೆ. ಹೊರಗಿನವರಿಗೆ ಅದೊಂದು ಸುಂದರ ಛಾಯಾಚಿತ್ರ. ಎರಡು ವರ್ಷದ ಮಗುವಿನ ತಂದೆಗೆ ಶತ್ರುವಿನ ಪಾಳೆಯ. ಹೊಳೆಯುವುದೆಲ್ಲ ಅವಳಿಗೆ ಆಟಿಕೆ, ಕಾಯಿ ಹಿಚುಕಿದ ಕೈ ಮರುಕ್ಷಣವೇ ಬಾಯಿಗೆ ಅಥವಾ ಕಣ್ಣಿಗೆ. ಮೆಣಸಿನಕಾಯಿಯ ಖಾರ ಬರಿಯ ನೀರಿಗೆ ಜಗ್ಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹೀಗಾಗಿ ಮಗುವಿನ ಕೈಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸಾಬೂನಿನಿಂದ ತೊಳೆಯಬೇಕು. ರಸಾಯನಶಾಸ್ತ್ರ ಓದದ ಹೆಂಗಸರಿಗೆ ಈ ಸಂಗತಿ ಗೊತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ನಿನ್ನೆ ಕ್ವಿಂಟಲ್ ಕಾಯಿ ಎಷ್ಟಕ್ಕೆ ಹೋಯಿತೆಂದು ಥಟ್ಟನೆ ಹೇಳಬಲ್ಲ ಗಂಡಸರಿಗೆ ಗೊತ್ತಿರುವುದು ಅಪರೂಪ. ಇದರಲ್ಲಿ ಹುಟ್ಟುಗುಣದ ಪಾತ್ರವೇನೂ ಇಲ್ಲ. ಮಗುವಿನ ಕೈ ತೊಳೆದವರು ಕಲಿತರು, ತೊಳೆಯದವರು ಕಲಿಯಲಿಲ್ಲ. ನಾಲ್ಕು ಸಲ ತೊಳೆದರೆ ಯಾವ ಅಪ್ಪನಿಗೂ ಬಂದುಬಿಡುವ ವಿದ್ಯೆ ಇದು.

ಆದರೆ ಆ ನಾಲ್ಕು ಸಲ ತೊಳೆಯುವವರೆಷ್ಟು ಮಂದಿ? ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವಯಸ್ಸಿನವರ ಪೈಕಿ ದಿನವೊಂದರಲ್ಲಿ ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಹೆಂಗಸರು ಶೇ 41, ಗಂಡಸರು ಶೇ 21.4. ತೊಡಗಿದವರಲ್ಲೂ ಹೆಂಗಸರು ವ್ಯಯಿಸಿದ್ದು ಸುಮಾರು 140 ನಿಮಿಷ, ಗಂಡಸರು 74 ನಿಮಿಷ. ಎಲ್ಲರ ಮನೆಯಲ್ಲೂ ಮಕ್ಕಳಿರುವುದಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಮಕ್ಕಳಿಲ್ಲದ ಮನೆಗಳು ಎರಡೂ ಲೆಕ್ಕದಲ್ಲಿ ಸೇರಿವೆ. ಒಂದೇ ಸೂರಿನಡಿ, ಒಂದೇ ಮಗುವಿನ ಪಕ್ಕದಲ್ಲಿ ಬದುಕುವ ಇಬ್ಬರ ದಿನಗಳು ಇಷ್ಟು ಬೇರೆಯಾಗಿವೆ ಎಂಬುದೇ ಇಲ್ಲಿನ ಸುದ್ದಿ.

ಕಾನೂನು ಕೂಡ ಈ ಬೇರ್ಪಡಿಕೆಯನ್ನು ಪೋಷಿಸಿಕೊಂಡು ಬಂದಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನಸಹಿತ ಹೆರಿಗೆ ರಜೆ 26 ವಾರಗಳಿಗೆ ಏರಿತು. ಸ್ವಾಗತಾರ್ಹ ಹೆಜ್ಜೆ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 1997ರಿಂದ ಸಿಗುತ್ತಿರುವುದು 15 ದಿನ. ಖಾಸಗಿ ವಲಯದ ತಂದೆಯರಿಗೆ ಅಷ್ಟನ್ನೂ ಕಡ್ಡಾಯಗೊಳಿಸುವ ಶಾಸನವಿಲ್ಲ. ಅದು ಮಾಲೀಕರ ಔದಾರ್ಯಕ್ಕೆ ಬಿಟ್ಟ ವಿಷಯ. ಇನ್ನು ಮಗು ಅಂಗನವಾಡಿಯ ಶಾಲಾಪೂರ್ವ ಶಿಕ್ಷಣಕ್ಕೆ ಸೇರುವುದು ಮೂರು ತುಂಬಿದ ಮೇಲೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೂರರೊಳಗಿನ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡುತ್ತದೆ, ತೂಕ ನೋಡುತ್ತದೆ. ಹಗಲೆಲ್ಲ ಇಟ್ಟುಕೊಂಡು ನೋಡಿಕೊಳ್ಳುವ ವ್ಯವಸ್ಥೆ ಅದಲ್ಲ. ಅಂದರೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಎರಡೂವರೆ ವರ್ಷದ ಒಂದು ಕಂದಕವಿದೆ. ಮಗು ನಡೆಯಲು, ಮಾತಾಡಲು, ಮೆಣಸಿನಕಾಯಿ ಹಿಚುಕಲು ಕಲಿಯುವುದು ಸರಿಯಾಗಿ ಇದೇ ಅವಧಿಯಲ್ಲಿ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿದ್ದು ಈ ಕಂದಕವನ್ನು ಗುರುತಿಸಿದ್ದಕ್ಕೆ ಸಾಕ್ಷಿ. ಅದನ್ನು ಈವರೆಗೆ ತುಂಬುತ್ತ ಬಂದವರು ಮಾತ್ರ ತಾಯಿ, ಅಜ್ಜಿ, ಕೆಲವೆಡೆ ಶಾಲೆ ಬಿಟ್ಟು ಕುಳಿತ ಅಕ್ಕ.

ಹೊಟ್ಟೆಪಾಡಿನ ಗಂಡಸಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಅವರು ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಕಡೆಯ ಹೊಲಗಳಿಗೆ ಬಂದು ನೋಡಬೇಕು. ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿರುತ್ತದೆ. ಸಾಲು ಹಿಡಿದು ಹತ್ತಿ ಬಿಡಿಸುವ ತಾಯಿಯ ಒಂದು ಕಣ್ಣು ಕಾಯಿಯ ಮೇಲೆ, ಇನ್ನೊಂದು ಜೋಲಿಯ ಮೇಲೆ. ಅವಳದೂ ಹೊಟ್ಟೆಪಾಡೇ. ಆಕೆಗೆ ಪುರುಸೊತ್ತು ಇದೆಯೇ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಇಷ್ಟು ಹೇಳಿದ ಮಾತ್ರಕ್ಕೆ ಇದು ಗಂಡಸರಿಗೆ ಹೊರಿಸುವ ಮತ್ತೊಂದು ಕರ್ತವ್ಯದ ಪಟ್ಟಿ ಎಂದು ಭಾವಿಸಬೇಕಾಗಿಲ್ಲ. ನಷ್ಟ ಯಾರದೆಂಬುದನ್ನು ಲೆಕ್ಕ ಹಾಕಬೇಕು. ಮಗುವಿನ ವಿನೋದವೆಲ್ಲ ಅದರ ಚಾಕರಿಯ ನಡುವೆಯೇ ಅಡಗಿರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಬರುವುದಿಲ್ಲ. ಮೈಗೆಲ್ಲ ಸಾಬೂನು ಹಚ್ಚಿಸಿಕೊಂಡ ಮಗಳು ಬಚ್ಚಲಿನಿಂದ ಪರಾರಿಯಾಗಿ ನಡುಮನೆಯಲ್ಲಿ ಕುಳಿತ ಅತಿಥಿಗಳಿಗೆ ಕೈಮುಗಿದು ನಿಲ್ಲುವ ದೃಶ್ಯ, ಸ್ನಾನ ಮಾಡಿಸಲು ಕೂತವರಿಗೆ ಮೀಸಲು. ರಾತ್ರಿ ಎಂಟರ ನಂತರ ಮನೆಗೆ ಬಂದು, ಮಲಗಿದ ಮಗುವಿನ ಹಣೆ ಸವರಿ, ಭಾನುವಾರ ಬಲೂನು ಕೊಡಿಸುವ ತಂದೆಗೆ ಸಿಗುವುದು ಅದರ ವರದಿ ಮಾತ್ರ. 1931ರಲ್ಲಿ ಹಲಸಂಗಿ ಗೆಳೆಯರು ಸಂಗ್ರಹಿಸಿ ಹೊರತಂದ ‘ಗರತಿಯ ಹಾಡು’ ಹೆಸರೇ ಹೇಳುವಂತೆ ಹೆಣ್ಣಿನ ದನಿಯದು. ಕೂಸಿನ ಆಟ, ಅಳು, ರಚ್ಚೆಗಳನ್ನು ನಮ್ಮ ಜನಪದದಲ್ಲಿ ಕಟ್ಟಿ ಹಾಡಿದವಳು ತಾಯಿ. ಅವಳಲ್ಲಿ ಪ್ರೀತಿ ಹೆಚ್ಚು, ಅಪ್ಪನಲ್ಲಿ ಕಡಿಮೆ ಎಂದು ಇದರ ಅರ್ಥವಲ್ಲ. ಕೂಸು ಅತ್ತಾಗ ಪಕ್ಕದಲ್ಲಿದ್ದವಳು ಅವಳು.

ಮಗಳ ಕಡೆಯಿಂದ ನೋಡಿದರೆ ವಿಷಯ ಇನ್ನೂ ಗಂಭೀರ. ಎರಡು ವರ್ಷದವರು ಉಪದೇಶ ಕೇಳುವುದಿಲ್ಲ, ನೋಡಿ ಮಾಡುತ್ತಾರೆ. ನಮ್ಮ ಬೀದಿಯ ಮಕ್ಕಳು ಸೇರಿ ಆಡುವ ಅಡುಗೆ ಆಟವನ್ನು ಗಮನಿಸಿ. ‘ಅಮ್ಮ’ ಆದವಳಿಗೆ ಕೈತುಂಬ ಕೆಲಸ: ಮಣ್ಣಿನ ರೊಟ್ಟಿ ತಟ್ಟಬೇಕು, ಗೊಂಬೆಗೆ ಜಡೆ ಹೆಣೆಯಬೇಕು, ಕಸ ಗುಡಿಸಬೇಕು. ‘ಅಪ್ಪ’ ಆದವನಿಗೆ ಒಂದೇ ಕೆಲಸ, ಕಾಲು ಚಾಚಿ ಕುಳಿತು ಇಟ್ಟಿಗೆ ಚೂರನ್ನು ಕಿವಿಗೆ ಹಿಡಿದು ಫೋನಿನಲ್ಲಿ ಮಾತಾಡುವುದು. ನೋಡಿದಾಗ ನಗು ಬರುತ್ತದೆ. ಆದರೆ ಇಪ್ಪತ್ತು ವರ್ಷಗಳ ಬಳಿಕ ನಡೆಯಲಿರುವ ಸಂಸಾರಗಳ ತಾಲೀಮು ಅದು ಎಂದು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಹೆಣ್ಣುಮಗುವಿನ ಭವಿಷ್ಯಕ್ಕೆಂದು ನಮ್ಮ ರಾಜ್ಯ 2006ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ತಂದು, ಬಡ ಕುಟುಂಬದ ಮಗಳಿಗೆ 18 ತುಂಬಿದಾಗ ಕೈಗೆ ಬರುವಂತೆ ಠೇವಣಿ ಇಟ್ಟಿತು. ಸರ್ಕಾರ ಇಡಬಹುದಾದ ಠೇವಣಿ ಅದು. ಅಪ್ಪ ಇಡಬೇಕಾದುದನ್ನು ದಿನಗೂಲಿಯಂತೆ ಅಂದಂದೇ ಪಾವತಿಸಬೇಕು. ಗಂಡಸೊಬ್ಬ ಜಡೆ ಹೆಣೆಯಬಲ್ಲ, ಎಂಜಲು ಒರೆಸಬಲ್ಲ, ‘ಬ್ಯಾಡ’ ಎಂದಾಗ ಅದನ್ನು ಕಿವಿಗೊಟ್ಟು ಕೇಳಬಲ್ಲ ಎಂದು ನಿತ್ಯ ಕಂಡ ಮಗಳು ಮುಂದೆ ತನ್ನ ಪಾಲಿಗೆ ಅದಕ್ಕಿಂತ ಕಡಿಮೆ ಬಂದರೆ ಸುಮ್ಮನೆ ಒಪ್ಪಿಕೊಳ್ಳಲಾರಳು.

ತಂದೆಯ ರಜೆ ಸರ್ವರಿಗೂ ಅನ್ವಯಿಸುವ ಶಾಸನವಾಗಬೇಕು, ಹದಿನೈದು ದಿನ ತಿಂಗಳುಗಳಾಗಬೇಕು, ಕೂಸಿನ ಮನೆಗಳು ಎಲ್ಲ ಊರುಗಳಿಗೂ ಬರಬೇಕು. ಇವು ಸರ್ಕಾರದ ಪಾಲಿನ ಕೆಲಸ. ಬೆಳಗಿನ ಸ್ನಾನ, ಸಂಜೆಯ ತುತ್ತು, ಅಂಗಡಿಯವರೆಗಿನ ಮುಕ್ಕಾಲು ಗಂಟೆಯ ಯಾತ್ರೆಗೆ ಮಾತ್ರ ಯಾವ ಅಧಿಸೂಚನೆಗೂ ಕಾಯಬೇಕಾಗಿಲ್ಲ.

ಇಷ್ಟಾಗಿಯೂ ಈ ಒಡತಿಯರಿಂದ ಕೃತಜ್ಞತೆ ನಿರೀಕ್ಷಿಸುವಂತಿಲ್ಲ. ಮೂರರೊಳಗಿನ ಯಾವ ಘಟನೆಯೂ ಮನುಷ್ಯನಿಗೆ ದೊಡ್ಡವನಾದ ಮೇಲೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಎಮ್ಮೆಗೆ ಟಾಟಾ ಹೇಳಿದ್ದು, ಸಾಬೂನು ಮೈಯಲ್ಲಿ ಓಡಿದ್ದು, ಯಾವುದನ್ನೂ ಅವಳು ಉಳಿಸಿಕೊಳ್ಳಲಾರಳು. ಅವಳ ಬದುಕಿನ ಈ ಅಧ್ಯಾಯವನ್ನು ನೆನಪಿಟ್ಟುಕೊಂಡು ಮುಂದೊಂದು ದಿನ ಅವಳಿಗೆ ಹೇಳುವ ಹೊಣೆ ಹೆತ್ತವರದು. ಅಮ್ಮನೊಬ್ಬಳೇ ಏಕೆ ಹೇಳಬೇಕು, ಅಪ್ಪನಿಗೂ ಹೇಳಲು ನಾಲ್ಕು ಮಾತಿರಲಿ.